ತಾಡಪಾಲಿನ ಗುಂಡಿಯಲ್ಲಿ ಆರ್ಟೀಮಿಯಾ: ಮೀನುಮರಿಗೆ ಜೀವಂತ ಆಹಾರ

ಆರ್ಟೀಮಿಯಾ ಎಂದರೆ ಉಪ್ಪುನೀರಲ್ಲಿ ಬದುಕುವ, ಸಿಗಡಿಯಂಥ ಪುಟ್ಟ ಜೀವಿ. ಇದನ್ನು ಬೆಳೆಸಲು ಸಿಂಧನೂರು ಕಡೆಯ ಮೀನು ಸಾಕಣೆದಾರರಿಗೆ 1000 ಲೀಟರ್ ಗುಂಡಿ ಸಾಕು: 2 ಮೀಟರ್ ಉದ್ದ, 1 ಮೀಟರ್ ಅಗಲ, ಅರ್ಧ ಮೀಟರ್ ನೀರು. ಅಯೋಡಿನ್ ಇಲ್ಲದ ಸಮುದ್ರದ ಹರಳುಪ್ಪು 80 ಕೆಜಿ ಕರಗಿಸಿ. ನೀರಿನ ಪಿಎಚ್ (ಹುಳಿ-ಕ್ಷಾರದ ಅಳತೆ) 8ಕ್ಕಿಂತ ಇಳಿದರೆ ಅಡುಗೆ ಸೋಡಾ ಸ್ವಲ್ಪ ಸ್ವಲ್ಪವೇ ಹಾಕಿ.

ಆರ್ಟೀಮಿಯಾ ಮೊಟ್ಟೆ 1 ಗ್ರಾಂ ಸಾಕು. ಬೇರೆ ಪಾತ್ರೆಯಲ್ಲಿ ಲೀಟರಿಗೆ 30 ಗ್ರಾಂ ಉಪ್ಪಿನ ನೀರು, 28 ಡಿಗ್ರಿ, ಬೆಳಕು, ಗಾಳಿಗುಳ್ಳೆ ಬಿಡುವ ಗಾಳಿಕಲ್ಲು ಇದ್ದರೆ 24 ಗಂಟೆಯಲ್ಲಿ ಒಡೆಯುತ್ತವೆ. ಹೊರಬಂದ ಮರಿಗಳನ್ನು ಸಂಜೆ ತಂಪಿನಲ್ಲಿ ಗುಂಡಿಗೆ ಬಿಡಿ.

ಎಡವುವುದು ಮೇವಿನಲ್ಲೇ. ಇವು 50 ಮೈಕ್ರಾನಿಗಿಂತ (ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗ) ದಪ್ಪ ಕಣ ನುಂಗಲಾರವು. ಅಕ್ಕಿ ಗಿರಣಿಯ ತೌಡನ್ನು ನೀರಲ್ಲಿ ಕಲಸಿ, ತೆಳುಬಟ್ಟೆಯಲ್ಲಿ ಹಿಂಡಿ, ಹಾಲಿನಂಥ ನೀರನ್ನಷ್ಟೇ ಹಾಕಿ. ಬಿಳಿ ತಟ್ಟೆ 20 ಸೆಂಟಿಮೀಟರ್ ಆಳದಲ್ಲಿ ಕಾಣದಿದ್ದರೆ ಅಂದು ಮೇವು ಬೇಡ. ಆರ್ಟೀಮಿಯಾ ಕೆಂಪಾದರೆ ಆಮ್ಲಜನಕ ಕಮ್ಮಿಯಾಗಿದೆ ಎಂದರ್ಥ.

ರಾಯಚೂರಿನ ಏಪ್ರಿಲ್ ಬಿಸಿಲಿಗೆ ಹಸಿರು ನೆರಳುಬಲೆ ಬೇಕೇ ಬೇಕು. ಆವಿಯಾದಷ್ಟಕ್ಕೆ ಸಿಹಿನೀರು ತುಂಬಿ, ಉಪ್ಪಲ್ಲ. ಮಳೆನೀರು ಮೇಲೆಯೇ ತೇಲುತ್ತದೆ, ಕಲೆಯುವ ಮೊದಲೇ ಹೊರಹಾಕಿ. ಉಪ್ಪು ಇಳಿದರೆ ಬೇರೆ ನೀರುಹುಳುಗಳು ಸೇರಿಕೊಂಡು ಆರ್ಟೀಮಿಯಾವನ್ನು ತಿಂದುಹಾಕುತ್ತವೆ.

ಸುಮಾರು ಎರಡು ವಾರಕ್ಕೆ ಬಲೆ ಹಾಕಿ. ಸಿಹಿನೀರಲ್ಲಿ ತೊಳೆದು, ಮೀನುಮರಿಗಳು ಬೇಗ ತಿನ್ನುವಷ್ಟೇ ಕೊಡಿ. ಆರ್ಟೀಮಿಯಾ ಸಿಹಿನೀರಲ್ಲಿ ಕೆಲವೇ ಗಂಟೆ ಬದುಕುತ್ತವೆ. ಹಳೆಯ ಉಪ್ಪುನೀರನ್ನು ಗದ್ದೆಗೋ ಕಾಲುವೆಗೋ ಬಿಡಬೇಡಿ, ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಸವಳು ಈಗಲೇ ಸಾಕಷ್ಟಿದೆ.