ಮಷೀನ್ ಮುಂದೆ ಹಳೇ ಡ್ರಾಯಿಂಗ್ ಬೇಡ

ಪೀಣ್ಯದಲ್ಲಿ ನಾನು ಕೆಲಸ ಮಾಡಿದ ಒಂದು ವರ್ಕ್‌ಶಾಪಿನಲ್ಲಿ ವಿಎಂಸಿ (ಕಂಪ್ಯೂಟರ್ ನಡೆಸುವ ಮಿಲ್ಲಿಂಗ್) ಮಷೀನಿನ ಬಾಗಿಲಿಗೆ ಒಂದು ಡ್ರಾಯಿಂಗ್ ಅಂಟಿಸಿದ್ದರು. ಕೂಲೆಂಟ್ ಬಿದ್ದು ಅದರ ಅಂಚು ಹಳದಿಯಾಗಿತ್ತು. ಮೂಲೆಯಲ್ಲಿ ಯಾರೋ ಟೂಲಿಗೆ ಹಾಕುವ ಇನ್ಸರ್ಟಿನ ನಂಬರ್ ಬರೆದುಕೊಂಡಿದ್ದರು. ಆ ಡ್ರಾಯಿಂಗಿನಲ್ಲಿದ್ದ ಫ್ಲೇಂಜಿನ ಬೋರನ್ನು (ನಡುವಿನ ತೂತನ್ನು) ಗ್ರಾಹಕರು 22.5 ಮಿ.ಮೀ.ನಿಂದ 22ಕ್ಕೆ ಇಳಿಸಿ ಹೊಸ ರಿವಿಷನ್, ಅಂದರೆ ತಿದ್ದಿದ ಡ್ರಾಯಿಂಗ್ ಕಳಿಸಿ ಮೂರು ವಾರ ಆಗಿತ್ತು. ಹೊಸ ಡ್ರಾಯಿಂಗ್ ನನ್ನ ಕಂಪ್ಯೂಟರಿನಲ್ಲೇ ಉಳಿದಿತ್ತು. 60 ಫ್ಲೇಂಜ್ ಸ್ಕ್ರ್ಯಾಪ್ ಆದವು. ಬೋರ್ ಚಿಕ್ಕದಾಗಿದ್ದರೆ ಮತ್ತೆ ಮಷೀನಿಗೆ ಹಾಕಿ ದೊಡ್ಡದು ಮಾಡಬಹುದಿತ್ತು. ದೊಡ್ಡದಾದ ಮೇಲೆ ಏನು ಮಾಡೋಕಾಗುತ್ತೆ? ಬೈಸಿಕೊಂಡಿದ್ದು ಆಪರೇಟರ್. ತಪ್ಪು ಅವರದಾಗಿರಲಿಲ್ಲ.

ಪ್ರಾಡಕ್ಟ್ ಡೇಟಾ ಮ್ಯಾನೇಜ್‌ಮೆಂಟ್, ಅಂದರೆ ಪಿಡಿಎಂ ಸಾಫ್ಟ್‌ವೇರ್ ಇರುವುದು ಇಂಥ ತಪ್ಪು ತಡೆಯುವುದಕ್ಕೆ. ಹಿಂದೆ ದೊಡ್ಡ ಕಾರ್ಖಾನೆಗಳಲ್ಲಿ ಡ್ರಾಯಿಂಗ್ ಸ್ಟೋರ್ ಇರುತ್ತಿತ್ತು. ಮೂಲ ಟ್ರೇಸಿಂಗ್ ಬೀರುವಿನಲ್ಲಿ, ಪ್ರಿಂಟ್ ಮಾತ್ರ ಹೊರಗೆ. ಹಳೇ ಪ್ರಿಂಟ್ ವಾಪಸ್ ಕೊಟ್ಟರೇ ಹೊಸದು. ಅದೇ ಶಿಸ್ತನ್ನು ಪಿಡಿಎಂ ಕಂಪ್ಯೂಟರಿಗೆ ತರುತ್ತದೆ. ಮಾಡೆಲ್, ಡ್ರಾಯಿಂಗ್, ಬಿಒಎಂ (ಬೇಕಾದ ಪಾರ್ಟ್‌ಗಳ ಪಟ್ಟಿ) ಎಲ್ಲ ಒಂದು ವಾಲ್ಟ್‌ನಲ್ಲಿ, ಅಂದರೆ ಒಂದೇ ಫೈಲ್ ಭಂಡಾರದಲ್ಲಿ ಇರುತ್ತವೆ. ತಿದ್ದಬೇಕಾದವರು ಫೈಲನ್ನು ಚೆಕ್‌ಔಟ್ ಮಾಡಿಕೊಳ್ಳುತ್ತಾರೆ. ಅವರು ಚೆಕ್‌ಇನ್ ಮಾಡುವವರೆಗೆ ಬೇರೆಯವರು ನೋಡಬಹುದು, ತಿದ್ದುವ ಹಾಗಿಲ್ಲ.

ಮೊದಲು ಫೈಲ್ ಹುಡುಕಿ

ನಿಮ್ಮ ವರ್ಕ್‌ಶಾಪಿಗೆ ಪಿಡಿಎಂ ಹಾಕಿಸಲು ಸಾಫ್ಟ್‌ವೇರ್ ಕಂಪನಿಯವರಿಗೆ ಫೋನ್ ಮಾಡುವ ಮುಂಚೆ ಮಾಡಬೇಕಾದ ಕೆಲಸ ಇದು. ಎಲ್ಲಕ್ಕಿಂತ ಜಾಸ್ತಿ ಸಮಯ ಹಿಡಿಯುವುದೂ ಇದೇ. ಡ್ರಾಯಿಂಗ್‌ಗಳು ಎಲ್ಲೆಲ್ಲಿವೆ ಅಂತ ಪಟ್ಟಿ ಮಾಡಿ. ಡಿಸೈನ್ ಕಂಪ್ಯೂಟರಿನ ಡೆಸ್ಕ್‌ಟಾಪ್, ಪ್ರೋಗ್ರಾಮರ್ ಪೆನ್‌ಡ್ರೈವ್, ಮಾಲೀಕರ ಇಮೇಲ್, ವಾಟ್ಸ್‌ಆ್ಯಪ್ ಗ್ರೂಪ್, ಇನ್‌ಸ್ಪೆಕ್ಷನ್ ಟೇಬಲ್ಲಿನ ಫೈಲ್, ಯಾವುದನ್ನೂ ಬಿಡಬೇಡಿ. ‘ಫ್ಲೇಂಜ್ ಫೈನಲ್’, ‘ಫ್ಲೇಂಜ್ ಫೈನಲ್ ನ್ಯೂ’, ‘ಫ್ಲೇಂಜ್ ಫೈನಲ್ ನ್ಯೂ 2’ ಮೂರೂ ಸಿಗುತ್ತವೆ. ಯಾವುದು ಸರಿ ಅಂತ ಸುಮ್ನೆ ಊಹೆ ಮಾಡಬೇಡಿ. ಗ್ರಾಹಕರ ಪರ್ಚೇಸ್ ಆರ್ಡರಿನಲ್ಲಿ ಯಾವ ರಿವಿಷನ್ ಇದೆ ನೋಡಿ, ಕೊನೆಗೆ ಕಳಿಸಿದ ಮಾಲಿನ ಇನ್‌ಸ್ಪೆಕ್ಷನ್ ರಿಪೋರ್ಟ್ ಜೊತೆ ತಾಳೆ ಹಾಕಿ. ಆಮೇಲೂ ಅನುಮಾನ ಇದ್ದರೆ ಗ್ರಾಹಕರನ್ನೇ ಕೇಳಿ. ಕೇಳುವುದಕ್ಕೆ ಸಂಕೋಚ ಬೇಡ.

20 ವರ್ಷದ ಹಳೇ ಫೈಲನ್ನೆಲ್ಲ ತುಂಬುವ ಆಸೆಯೂ ಬೇಡ. ಕಳೆದ ಎರಡು ವರ್ಷದಲ್ಲಿ ಆರ್ಡರ್ ಬಂದ ಪಾರ್ಟ್‌ಗಳು ಮೊದಲು ಹೋಗಲಿ. ಉಳಿದವಕ್ಕೆ ಆರ್ಡರ್ ಬಂದ ದಿನ ಒಂದೊಂದಾಗಿ ಸೇರಿಸಿದರಾಯಿತು.

ನಂಬರ್ ಸರಳವಾಗಿರಲಿ

ಪಾರ್ಟ್ ನಂಬರಿನಲ್ಲೇ ಗ್ರಾಹಕರ ಹೆಸರು, ಮೆಟೀರಿಯಲ್, ಸೈಜ್ ಎಲ್ಲ ಸೇರಿಸುವ ರೂಢಿ ತುಂಬಾ ಕಡೆ ಇದೆ. ಇದನ್ನು ಬಿಡಿ ಅಂತಲೇ ನಾನು ಹೇಳುತ್ತೇನೆ. ನಾಳೆ ಮೈಲ್ಡ್ ಸ್ಟೀಲ್ ಬದಲು ಸ್ಟೇನ್‌ಲೆಸ್ ಬಂದರೆ ನಂಬರೇ ಸುಳ್ಳಾಗುತ್ತದೆ. 10001, 10002 ಅಂತ ಸಾಲಾಗಿ ಕೊಡುತ್ತಾ ಹೋಗಿ. ಮೆಟೀರಿಯಲ್, ತೂಕ, ಗ್ರಾಹಕರ ಡ್ರಾಯಿಂಗ್ ನಂಬರ್ ಇವನ್ನೆಲ್ಲ ಪಿಡಿಎಂನಲ್ಲಿ ಫೈಲಿನ ವಿವರ ಬರೆಯುವ ಡೇಟಾ ಕಾರ್ಡಿನಲ್ಲಿ ತುಂಬಿ. ಹುಡುಕುವುದು ಅಲ್ಲೇ ತಾನೆ?

ರಿವಿಷನ್ನಿಗೆ ಎ, ಬಿ, ಸಿ ಬಳಸುವುದಾದರೆ ಐ, ಓ, ಕ್ಯೂ, ಎಸ್, ಎಕ್ಸ್, ಝಡ್ ಅಕ್ಷರಗಳನ್ನು ಬಿಟ್ಟುಬಿಡಿ. ಅಮೆರಿಕದ ಎಎಸ್‌ಎಂಇ ವೈ14.35 ಸ್ಟ್ಯಾಂಡರ್ಡ್ ಹೇಳುವುದೂ ಹಾಗೇ. ಎಣ್ಣೆ ಮೆತ್ತಿದ ಪ್ರಿಂಟಿನಲ್ಲಿ ಇಂಗ್ಲಿಷಿನ ‘ಐ’ 1ರ ಹಾಗೆ, ‘ಓ’ ಸೊನ್ನೆಯ ಹಾಗೆ, ‘ಎಸ್’ 5ರ ಹಾಗೆ ಕಾಣುತ್ತವೆ.

ಯಾವ ಸಾಫ್ಟ್‌ವೇರ್?

ನಿಮ್ಮ ಕ್ಯಾಡ್ (ಡ್ರಾಯಿಂಗ್ ಬರೆಯುವ ಸಾಫ್ಟ್‌ವೇರ್) ಯಾವುದೋ ಅದಕ್ಕೆ ಹೊಂದುವುದನ್ನೇ ತಗೊಳ್ಳಿ. ಸಾಲಿಡ್‌ವರ್ಕ್ಸ್ ಪ್ರೊಫೆಷನಲ್ ಅಥವಾ ಪ್ರೀಮಿಯಂ ಇದ್ದರೆ ಪಿಡಿಎಂ ಸ್ಟ್ಯಾಂಡರ್ಡ್ ಅದರ ಜೊತೆಗೇ ಬರುತ್ತದೆ. ಅದರಲ್ಲಿ ಒಂದೇ ವರ್ಕ್‌ಫ್ಲೋ, ಅಂದರೆ ಫೈಲ್ ಹಂತ ಹಂತವಾಗಿ ಸಾಗುವ ದಾರಿ ಇರುತ್ತದೆ. ಸಣ್ಣ ಘಟಕಕ್ಕೆ ಅಷ್ಟು ಸಾಕು. ಆಟೋಡೆಸ್ಕ್ ಇನ್ವೆಂಟರ್ ಬಳಸುವವರಿಗೆ ‘ವಾಲ್ಟ್’ ಅನ್ನುವ ಹೆಸರಿನದೇ ಪಿಡಿಎಂ ಇದೆ. ಆದರೆ ವಾಲ್ಟ್ ಬೇಸಿಕ್‌ನಲ್ಲಿ ರಿವಿಷನ್ ನಿಯಂತ್ರಣ ಸಿಗುವುದಿಲ್ಲ, ಅದಕ್ಕೆ ಮೇಲಿನ ಆವೃತ್ತಿ ಬೇಕು. ಟೀಮ್‌ಸೆಂಟರ್, ವಿಂಡ್‌ಚಿಲ್ ದೊಡ್ಡ ಕಂಪನಿಗಳ ಮಟ್ಟದವು. ಹತ್ತು ಜನ ಇರುವ ಕಡೆ ಅವು ಭಾರವಾಗುತ್ತವೆ.

ಪಿಡಿಎಂ ಸರ್ವರ್‌ಗೆ ಪ್ರತ್ಯೇಕ ಕಂಪ್ಯೂಟರ್ ಇಡಿ. ಡಿಸೈನರ್ ಕೂರುವ ಕಂಪ್ಯೂಟರನ್ನೇ ಸರ್ವರ್ ಮಾಡಿದರೆ ಅವರು ಆಫ್ ಮಾಡಿ ಮನೆಗೆ ಹೋದಾಗ ಎಲ್ಲರ ಕೆಲಸ ನಿಲ್ಲುತ್ತದೆ. ಪಿಡಿಎಂ ಸ್ಟ್ಯಾಂಡರ್ಡ್ ನಡೆಯುವುದು ಉಚಿತವಾಗಿ ಸಿಗುವ ಎಸ್‌ಕ್ಯೂಎಲ್ ಸರ್ವರ್ ಎಕ್ಸ್‌ಪ್ರೆಸ್ ಅನ್ನುವ ಡೇಟಾಬೇಸ್ ಸಾಫ್ಟ್‌ವೇರ್ ಮೇಲೆ. ಅದರ 2022ರ ಆವೃತ್ತಿಯಲ್ಲಿ ಒಂದು ಡೇಟಾಬೇಸಿಗೆ 10 ಜಿಬಿ ಮಿತಿ. ಕಡಿಮೆ ಅನ್ನಿಸಬಹುದು. ಆದರೆ ಮಾಡೆಲ್‌ಗಳು ಡೇಟಾಬೇಸಿನೊಳಗೆ ಕೂರುವುದಿಲ್ಲ, ಬೇರೆ ಫೋಲ್ಡರಿನಲ್ಲಿ ಇರುತ್ತವೆ. ಡೇಟಾಬೇಸಿನಲ್ಲಿ ಇರುವುದು ಅವುಗಳ ವಿವರ ಮಾತ್ರ. ಕರೆಂಟ್ ಯಾವಾಗ ಹೋಗುತ್ತದೋ ಗೊತ್ತಿಲ್ಲ, ಯುಪಿಎಸ್ ಇರಲೇಬೇಕು.

ಮೂರೇ ಹಂತ

ವರ್ಕ್‌ಫ್ಲೋ ಮಾಡುವಾಗ ಕೈ ಬಿಗಿ ಹಿಡಿಯಿರಿ. ‘ಕೆಲಸ ನಡೆಯುತ್ತಿದೆ’, ‘ಪರಿಶೀಲನೆ’, ‘ಬಿಡುಗಡೆ’ ಮೂರು ಹಂತ ಸಾಕು. ಎಂಟು ಹಂತ, ಐದು ಸಹಿ ಇಟ್ಟರೆ ಅರ್ಜೆಂಟ್ ಆರ್ಡರ್ ಬಂದ ದಿನ ಎಲ್ಲರೂ ಪಕ್ಕದ ದಾರಿ ಹಿಡಿಯುತ್ತಾರೆ.

ಇಲ್ಲಿ ವರ್ಷನ್ ಬೇರೆ, ರಿವಿಷನ್ ಬೇರೆ ಅನ್ನುವುದನ್ನು ಎಲ್ಲರಿಗೂ ಕೂರಿಸಿಕೊಂಡು ಹೇಳಿ. ತಿದ್ದಿ ಚೆಕ್‌ಇನ್ ಮಾಡಿದಾಗೆಲ್ಲ ಹೊಸ ವರ್ಷನ್ ಆಗುತ್ತದೆ. ಒಂದು ಡ್ರಾಯಿಂಗಿಗೆ 14 ವರ್ಷನ್ ಆದರೂ ತೊಂದರೆ ಇಲ್ಲ. ರಿವಿಷನ್ ಬದಲಾಗುವುದು ಬಿಡುಗಡೆ ಆದಾಗ ಮಾತ್ರ. ಶಾಪ್ ಫ್ಲೋರಿಗೆ, ಗ್ರಾಹಕರಿಗೆ ಗೊತ್ತಾಗಬೇಕಾದ್ದು ರಿವಿಷನ್ ಒಂದೇ. ಬರೆದವರೇ ಬಿಡುಗಡೆ ಮಾಡುವ ಹಾಗಿರಬಾರದು. ಇಬ್ಬರೇ ಇದ್ದರೂ ಒಬ್ಬರದನ್ನು ಇನ್ನೊಬ್ಬರು ನೋಡಲಿ.

ಫೈಲ್ ತುಂಬುವ ದಿನ

ಆಯುಧ ಪೂಜೆಯ ರಜೆ ಇದಕ್ಕೆ ಒಳ್ಳೆಯ ಸಮಯ. ಮಷೀನ್ ನಿಂತಿರುತ್ತದೆ, ಯಾರೂ ಡ್ರಾಯಿಂಗ್ ತಿದ್ದುವುದಿಲ್ಲ. ಪೂಜೆ ದಿನ ಸರ್ವರ್ ಕಂಪ್ಯೂಟರಿಗೂ ಅರಿಶಿನ ಕುಂಕುಮ ಇಡಿ, ಅದೂ ನಿಮ್ಮ ಆಯುಧವೇ. ವಾಲ್ಟಿಗೆ ತುಂಬುವಾಗ ನಟ್ಟು ಬೋಲ್ಟಿನಂಥ ಸ್ಟ್ಯಾಂಡರ್ಡ್ ಪಾರ್ಟ್ ಮೊದಲು, ಬಿಡಿ ಪಾರ್ಟ್ ಆಮೇಲೆ, ಅಸೆಂಬ್ಲಿ ಅದಾದ ಮೇಲೆ, ಡ್ರಾಯಿಂಗ್ ಕೊನೆಗೆ. ಅಸೆಂಬ್ಲಿ ತನ್ನೊಳಗಿನ ಪಾರ್ಟನ್ನು ಹುಡುಕುವುದು ಫೈಲ್ ಹೆಸರಿನ ಮೇಲೆ. ಎರಡು ಫೋಲ್ಡರಿನಲ್ಲಿ ಎರಡು ಬೇರೆ ‘ಬ್ರ್ಯಾಕೆಟ್’ ಇದ್ದರೆ ತಪ್ಪಾದದ್ದು ಬಂದು ಕೂರಬಹುದು. ಹಾಗಾಗಿ ಹೆಸರು ಬದಲಾಯಿಸುವುದಿದ್ದರೆ ಕ್ಯಾಡ್ ಅಥವಾ ಪಿಡಿಎಂ ಒಳಗಿನಿಂದಲೇ ಮಾಡಿ. ವಾಲ್ಟಿನ ಹೊರಗೆ ವಿಂಡೋಸ್ ಫೋಲ್ಡರಿನಲ್ಲಿ ಬದಲಾಯಿಸಿದರೆ ಕೊಂಡಿ ಕಡಿದುಹೋಗುತ್ತದೆ. ಮೊದಲು ಒಂದೇ ಅಸೆಂಬ್ಲಿ ಹಾಕಿ, ತೆರೆದು ನೋಡಿ, ಸರಿ ಇದ್ದರೆ ಮುಂದುವರಿಯಿರಿ.

ಶಾಪ್ ಫ್ಲೋರಿಗೆ ಪಿಡಿಎಫ್ ಮಾತ್ರ ಹೋಗಲಿ, ಅದೂ ಬಿಡುಗಡೆ ಆದದ್ದು. ಪ್ರಿಂಟಿನ ಮೇಲೆ ರಿವಿಷನ್, ಪ್ರಿಂಟ್ ತೆಗೆದ ತಾರೀಕು ದೊಡ್ಡದಾಗಿ ಬರಲಿ. ಮಷೀನನ್ನು ನಡೆಸುವ ಸಿಎನ್‌ಸಿ ಪ್ರೋಗ್ರಾಮ್ ಹೆಸರಿನಲ್ಲೂ ಅದೇ ಪಾರ್ಟ್ ನಂಬರ್, ಅದೇ ರಿವಿಷನ್ ಇರಬೇಕು. ಡ್ರಾಯಿಂಗ್ ಹೊಸದಾಗಿ ಪ್ರೋಗ್ರಾಮ್ ಹಳೆಯದಾಗಿದ್ದರೆ ಆ 60 ಫ್ಲೇಂಜಿನ ಕಥೆಯೇ ಮತ್ತೆ. ಪ್ಲೇಟಿಂಗಿಗೆ, ಗ್ರೈಂಡಿಂಗಿಗೆ ಹೊರಗೆ ಕಳಿಸುವ ಜಾಬ್‌ವರ್ಕ್ ಚಲನ್ ಮೇಲೂ ರಿವಿಷನ್ ಬರೆಯಿರಿ. ಐಎಸ್‌ಒ 9001:2015ರ 7.5.3ನೇ ಕಲಂ ಕೇಳುವುದೂ ಇದನ್ನೇ: ದಾಖಲೆ ಬೇಕಾದಾಗ, ಬೇಕಾದ ಕಡೆ ಸಿಗಬೇಕು, ಬದಲಾವಣೆ ನಿಯಂತ್ರಣದಲ್ಲಿರಬೇಕು.

ಬ್ಯಾಕಪ್ ವಿಷಯದಲ್ಲಿ ತುಂಬಾ ಜನ ಎಡವುತ್ತಾರೆ. ಫೈಲ್ ಇರುವ ಫೋಲ್ಡರ್, ಡೇಟಾಬೇಸ್ ಎರಡನ್ನೂ ಒಟ್ಟಿಗೇ, ಪ್ರತಿ ರಾತ್ರಿ ತೆಗೆಯಬೇಕು. ಫೋಲ್ಡರ್ ಒಂದೇ ಇದ್ದರೆ ಯಾವ ಫೈಲ್ ಯಾವ ರಿವಿಷನ್ ಅಂತ ಗೊತ್ತಾಗುವುದಿಲ್ಲ. ಡೇಟಾಬೇಸ್ ಒಂದೇ ಇದ್ದರೆ ಪಟ್ಟಿ ಇರುತ್ತದೆ, ಫೈಲ್ ಇರುವುದಿಲ್ಲ. ಒಂದು ಪ್ರತಿ ಕಾರ್ಖಾನೆಯ ಹೊರಗೆ ಇರಲಿ. ಮೂರು ತಿಂಗಳಿಗೊಮ್ಮೆ ಬೇರೆ ಕಂಪ್ಯೂಟರಿನಲ್ಲಿ ವಾಪಸ್ ಹಾಕಿ, ಒಂದು ಅಸೆಂಬ್ಲಿ ತೆರೆದು ನೋಡಿ.

ಶುರುವಾದ ಮೊದಲ ತಿಂಗಳು ಪ್ರತಿ ಶನಿವಾರ ನೀವೇ ಮಷೀನ್ ಹತ್ತಿರ ಹೋಗಿ. ಯಾವುದಾದರೂ ನಾಲ್ಕು ಡ್ರಾಯಿಂಗ್ ತಗೊಂಡು ವಾಲ್ಟ್‌ನ ರಿವಿಷನ್ ಜೊತೆ ತಾಳೆ ನೋಡಿ. ಹಳೆಯದು ಸಿಕ್ಕಿದರೆ ಆಪರೇಟರನ್ನು ಬೈಯಬೇಡಿ. ಅಲ್ಲೇ ಹರಿದು ಹಾಕಿ, ಹೊಸ ಪ್ರಿಂಟ್ ನಿಮ್ಮ ಕೈಯಾರೆ ಕೊಟ್ಟು, ಅದು ಅವರ ಕೈಗೆ ಯಾಕೆ ತಲುಪಲಿಲ್ಲ ಅಂತ ಡಿಸೈನ್ ರೂಮಿಗೆ ಬಂದು ಹುಡುಕಿ.