ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿ ಹವಾಗುಣ ವಿಜ್ಞಾನಕ್ಕೆ ಬಂದೆ

ಹವಾಮಾನ ವಿಜ್ಞಾನಿ ಆಗೋಕೆ ಯಾವ ಡಿಗ್ರಿ ಮಾಡಬೇಕು ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಒಂದು ಪ್ರಶ್ನೆ ಹಾಕುತ್ತೇನೆ. ಮುನ್ಸೂಚನೆ ಕೊಡುವ ಕೆಲಸ ಬೇಕಾ, ಸಂಶೋಧನೆ ಬೇಕಾ? ಎರಡರ ದಾರಿಯೂ ಬೇರೆ. ಮುನ್ಸೂಚನೆ ಕೊಡುವವರು ಏನೇನು ಕಲಿತಿರಬೇಕು ಅನ್ನುವುದನ್ನು ವಿಶ್ವ ಹವಾಮಾನ ಸಂಸ್ಥೆ ಗೊತ್ತುಮಾಡಿದೆ. ಗಣಿತ, ಭೌತಶಾಸ್ತ್ರ, ವಾತಾವರಣದ ಚಲನೆ, ಉಪಗ್ರಹ ಮತ್ತು ರಾಡಾರ್ ಚಿತ್ರ ಓದುವುದು ಎಲ್ಲ ಅದರಲ್ಲಿ ಬರುತ್ತದೆ. ಸಂಶೋಧನೆಗೆ ಹಾಗೆ ಒಂದೇ ಬಾಗಿಲು ಇಲ್ಲ. ನಾನು ಓದಿದ್ದು ಮೆಕ್ಯಾನಿಕಲ್ ಇಂಜಿನಿಯರಿಂಗ್. ಪಕ್ಕದ ಕೋಣೆಯವರು ರಸಾಯನಶಾಸ್ತ್ರದವರು, ಅವರ ಆಚೆ ಕೂರುವವರು ಸಂಖ್ಯಾಶಾಸ್ತ್ರದವರು.

ಇದು ಹೊಸದೇನಲ್ಲ. 1896ರಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಾದರೆ ಭೂಮಿ ಎಷ್ಟು ಬಿಸಿಯಾಗುತ್ತದೆ ಅಂತ ಕೈಯಲ್ಲೇ ಲೆಕ್ಕ ಹಾಕಿದ ಅರೇನಿಯಸ್ ರಸಾಯನ ವಿಜ್ಞಾನಿ. ಭೂಮಿ ನಿಜವಾಗಿಯೂ ಬಿಸಿಯಾಗುತ್ತಿದೆ ಅಂತ 1938ರಲ್ಲಿ ಅಂಕಿ ಜೋಡಿಸಿ ತೋರಿಸಿದ ಗೈ ಕ್ಯಾಲೆಂಡರ್ ಎಂಬವರು ಹಬೆಯ ಮೇಲೆ ಕೆಲಸ ಮಾಡುತ್ತಿದ್ದ ಇಂಜಿನಿಯರ್. ನಮ್ಮ ದೇಶದ ಭೌತವಿಜ್ಞಾನಿ ಅನ್ನಾ ಮಣಿ ವಜ್ರ, ಮಾಣಿಕ್ಯಗಳ ಬೆಳಕಿನ ಗುಣ ಅಳೆಯುತ್ತಿದ್ದವರು, ಆಮೇಲೆ ಹವಾಮಾನ ಉಪಕರಣಗಳ ಕಡೆ ತಿರುಗಿದರು. ನನಗೆ ತುಂಬಾ ಇಷ್ಟವಾಗುವುದು ಪಾಲ್ ಕ್ರುಟ್ಜೆನ್ ಅವರ ಕಥೆ. ಕಲಿತಿದ್ದು ಸಿವಿಲ್ ಇಂಜಿನಿಯರಿಂಗ್, ಮಾಡುತ್ತಿದ್ದುದು ಸೇತುವೆ ಕೆಲಸ. 1959ರಲ್ಲಿ ಸ್ಟಾಕ್‌ಹೋಮ್‌ನ ಹವಾಮಾನ ವಿಭಾಗಕ್ಕೆ ಕಂಪ್ಯೂಟರ್ ಪ್ರೋಗ್ರಾಮರ್ ಆಗಿ ಸೇರಿದರು. ಆಗ ಅವರಿಗೆ ಪ್ರೋಗ್ರಾಮಿಂಗ್ ಅನುಭವ ಒಂಚೂರೂ ಇರಲಿಲ್ಲ! 1995ರಲ್ಲಿ ಓಜೋನ್ ಕೆಲಸಕ್ಕೆ ನೊಬೆಲ್ ಬಂತು. ನೆಟ್ಟಗೆ ಹವಾಮಾನವನ್ನೇ ಓದಿ ಬಂದವರೂ ಇದ್ದಾರೆ ಬಿಡಿ. 2021ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದ ಮನಾಬೆ ಅಂಥವರು. ಅವರ ಜೊತೆ ಹಂಚಿಕೊಂಡ ಹಾಸೆಲ್‌ಮನ್ ಮಾತ್ರ ಭೌತಶಾಸ್ತ್ರದಿಂದ ಬಂದವರು.

ಇಂಜಿನಿಯರಿಂಗ್‌ನಲ್ಲಿ ಕಲಿತದ್ದರಲ್ಲಿ ಫ್ಲೂಯಿಡ್ ಮೆಕ್ಯಾನಿಕ್ಸ್ (ನೀರು, ಗಾಳಿ ಹರಿಯುವ ಲೆಕ್ಕ) ಮತ್ತು ಶಾಖದ ಲೆಕ್ಕ ಸೀದಾ ಕೆಲಸಕ್ಕೆ ಬಂದವು. ತಲೆ ತಿಂದದ್ದು ಎರಡು ವಿಷಯ. ಒಂದು, ಭೂಮಿ ತಿರುಗುತ್ತದೆ ಅನ್ನುವುದು. ಪೈಪಿನಲ್ಲಿ ಒತ್ತಡ ಜಾಸ್ತಿ ಇರುವ ಕಡೆಯಿಂದ ಕಡಿಮೆ ಇರುವ ಕಡೆಗೆ ನೀರು ಹರಿಯುತ್ತದೆ, ಅಷ್ಟೇ. ನೂರಾರು ಕಿಲೋಮೀಟರ್ ಹರಡಿದ ಗಾಳಿ ಹಾಗಲ್ಲ. ಭೂಮಿ ತಿರುಗುವುದರಿಂದ ಅದು ಹೆಚ್ಚುಕಡಿಮೆ ಸಮ ಒತ್ತಡದ ಗೆರೆಗಳ ಗುಂಟವೇ ಬೀಸುತ್ತದೆ. ಸಮೀಕರಣದಲ್ಲಿ ಇದು ಎರಡೇ ಸಾಲು, ಒಪ್ಪಿಕೊಳ್ಳಲು ನನಗೆ ಬಹಳ ಸಮಯ ಹಿಡಿಯಿತು. ಇನ್ನೊಂದು ನೀರಾವಿ. ಒಂದು ಕಿಲೋ ನೀರಾವಿ ಹನಿಯಾಗುವಾಗ ಸುಮಾರು 25 ಲಕ್ಷ ಜೂಲ್ ಶಾಖ ಬಿಡುತ್ತದೆ. ಗುಡುಗು ಮೋಡ ಅಷ್ಟೆತ್ತರ ಏರುವುದು ಈ ಶಾಖದ ಬಲದಿಂದಲೇ.

ಇದೆಲ್ಲ ತಲೆಗೆ ಹತ್ತಿದ್ದು ಬಲೂನ್ ನಕ್ಷೆಗಳಿಂದ. ಜಗತ್ತಿನ ನೂರಾರು ಕೇಂದ್ರಗಳಿಂದ ಸಾಮಾನ್ಯವಾಗಿ ದಿನಕ್ಕೆರಡು ಸಲ, ಒಂದೇ ಹೊತ್ತಿಗೆ, ಅಳತೆಯ ಉಪಕರಣ ಕಟ್ಟಿದ ಬಲೂನ್ ಹಾರಿಸುತ್ತಾರೆ. ಅದು ಕಳಿಸಿದ ಅಂಕಿಗಳಲ್ಲಿ ಎರಡು ಗೆರೆ ಎಳೆಯಬೇಕು. ಒಂದು ಉಷ್ಣತೆ, ಇನ್ನೊಂದು ಇಬ್ಬನಿ ಬಿಂದು, ಅಂದರೆ ಗಾಳಿಯನ್ನು ಎಷ್ಟು ತಣ್ಣಗಾಗಿಸಿದರೆ ನೀರಾವಿ ಹನಿಯಾಗಲು ಶುರುವಾಗುತ್ತದೋ ಆ ಉಷ್ಣತೆ. ಗೆರೆಗಳು ಅಂಟಿಕೊಂಡಂತೆ ಸಾಗಿದಲ್ಲಿ ಮೋಡ ಇರುತ್ತದೆ, ದೂರ ಸರಿದಲ್ಲಿ ಒಣ ಗಾಳಿ. ಪಿಎಚ್‌ಡಿಯ ಮೊದಲ ವರ್ಷ ಬೆಳಿಗ್ಗೆ ಇದನ್ನು ನೋಡಿ ಸಂಜೆ ಆಕಾಶ ಹೇಗಿರುತ್ತದೆ ಅಂತ ಬರೆದಿಡುತ್ತಿದ್ದೆ. ಯಾರೂ ಹೇಳಿರಲಿಲ್ಲ, ಸುಮ್ನೆ ಹುಚ್ಚು. ತರಗತಿಗಿಂತ ಅದರಿಂದಲೇ ಹೆಚ್ಚು ಕಲಿತೆ.

ಡೇಟಾವನ್ನು ಅನುಮಾನದಿಂದ ನೋಡುವುದನ್ನು ಕಲಿಸಿದವರು ನನ್ನ ಗೈಡ್. ಒಂದು ಕೇಂದ್ರದ ಹಳೆಯ ಉಷ್ಣತೆಯ ದಾಖಲೆ ಕೊಟ್ಟಿದ್ದರು. ನಡುವೆ ಒಂದು ಕಡೆ ಗೆರೆ ದಡಕ್ಕನೆ ಕೆಳಗಿಳಿದು ಅಲ್ಲೇ ನಿಂತಿತ್ತು. ನಾನು ಸಂಖ್ಯಾಶಾಸ್ತ್ರದ ಪರೀಕ್ಷೆ ಶುರು ಮಾಡಲು ಹೊರಟಾಗ, "ಅಕ್ಕಪಕ್ಕದ ಕೇಂದ್ರಗಳಲ್ಲೂ ಇಳಿದಿದೆಯಾ? ಮೊದಲು ಅದು ನೋಡಿ. ಆಮೇಲೆ ಕೇಂದ್ರದ ರಿಜಿಸ್ಟರ್ ತರಿಸಿ" ಅಂದರು. ಪಕ್ಕದವುಗಳಲ್ಲಿ ಇಳಿದಿರಲಿಲ್ಲ. ರಿಜಿಸ್ಟರಿನಲ್ಲಿ ಉತ್ತರ ಸಿಕ್ಕಿತು. ಕಟ್ಟಡದ ತಾರಸಿಯ ಮೇಲಿದ್ದ ಥರ್ಮಾಮೀಟರನ್ನು ಬಯಲಿಗೆ ಸಾಗಿಸಿದ್ದರು. ಹವಾಗುಣ ಬದಲಾಗಿರಲಿಲ್ಲ, ಉಪಕರಣದ ಜಾಗ ಬದಲಾಗಿತ್ತು.

ಚಂಡಮಾರುತದ ಬೆನ್ನು ಹತ್ತುವ ಕನಸಿನಲ್ಲಿ ಬರುವವರಿಗೆ ನಿರಾಸೆಯಾಗಬಹುದು. ನಮ್ಮ ದಿನದ ಬಹುಪಾಲು ಕೋಡ್ ಬರೆಯುವುದರಲ್ಲೇ ಹೋಗುತ್ತದೆ. ವಾತಾವರಣವನ್ನು ಲೆಕ್ಕ ಹಾಕುವ ದೊಡ್ಡ ಕಂಪ್ಯೂಟರ್ ಮಾಡೆಲ್‌ಗಳು ಈಗಲೂ ಹೆಚ್ಚಾಗಿ ಫೋರ್ಟ್ರಾನ್ ಎಂಬ ಹಳೆಯ ಪ್ರೋಗ್ರಾಮಿಂಗ್ ಭಾಷೆಯಲ್ಲಿವೆ, ವಿಶ್ಲೇಷಣೆ ಪೈಥಾನ್‌ನಲ್ಲಿ. ಹಾಗಾಗಿ ಪದವಿಯಲ್ಲಿ ಯಾವ ವಿಷಯ ಓದಿದರೂ ಡಿಫರೆನ್ಷಿಯಲ್ ಸಮೀಕರಣ, ಸಂಖ್ಯಾಶಾಸ್ತ್ರ ಮತ್ತು ಒಂದು ಪ್ರೋಗ್ರಾಮಿಂಗ್ ಭಾಷೆ ಬಿಡಬೇಡಿ. ಗಾಳಿಯಲ್ಲಿ ತೇಲುವ ಕಣಗಳು, ಇಂಗಾಲದ ಚಕ್ರ ಇಂಥ ಕಡೆ ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿದವರೇ ನಮಗಿಂತ ಮುಂದಿರುತ್ತಾರೆ.

ಪಿಎಚ್‌ಡಿ ಆದ ಮೇಲೆ ಕೆಲವು ವರ್ಷ ಪೋಸ್ಟ್‌ಡಾಕ್ ಎಂಬ ತಾತ್ಕಾಲಿಕ ಸಂಶೋಧನಾ ಕೆಲಸ, ಅದೂ ಗುತ್ತಿಗೆ ಮೇಲೆ. ಕಾಯಂ ಹುದ್ದೆ ಬೇಗ ಸಿಗುವುದಿಲ್ಲ. ನನ್ನ ಜೊತೆಯವರಲ್ಲಿ ಕೆಲವರು ವಿಮಾ ಕಂಪನಿಗೆ, ಕೆಲವರು ಪವನ ವಿದ್ಯುತ್ ಕಡೆಗೆ ಹೋದರು. ಅಲ್ಲೂ ಮಾಡುವುದು ಇದೇ ಲೆಕ್ಕ, ಸಂಬಳ ಜಾಸ್ತಿ ಅಷ್ಟೇ.

ಗೈಡ್ ಹುಡುಕುವವರು ಅರ್ಜಿಯಲ್ಲಿ "ಚಿಕ್ಕಂದಿನಿಂದ ಮಳೆ ಅಂದ್ರೆ ಇಷ್ಟ" ಅಂತ ಬರೆಯುವ ಬದಲು ಇಆರ್‌ಎ5 (ERA5) ಡೇಟಾ ಇಳಿಸಿಕೊಳ್ಳಿ, ಇದು ಹಳೆಯ ಅಳತೆಗಳನ್ನೂ ಮಾಡೆಲನ್ನೂ ಸೇರಿಸಿ ಕಟ್ಟಿದ ಇಡೀ ಜಗತ್ತಿನ ಹವಾಮಾನ ದಾಖಲೆ. 1940ರಿಂದ ಈಚೆಗಿನ ಪ್ರತಿ ಗಂಟೆಯ ಗಾಳಿ, ಉಷ್ಣತೆ, ಒತ್ತಡ ಉಚಿತವಾಗಿ ಸಿಗುತ್ತದೆ. ನಿಮಗೆ ಕುತೂಹಲ ಹುಟ್ಟಿಸಿದ ಒಂದು ಬಿರುಗಾಳಿಯ ನಕ್ಷೆ ಎಳೆದು, ಅದರಲ್ಲಿ ಏನು ಕಂಡಿತು ಅಂತ ನಾಲ್ಕು ಸಾಲು ಬರೆದು ಕಳಿಸಿ. ನನಗೆ ಬರುವ ಅರ್ಜಿಗಳಲ್ಲಿ ಅಂಥದ್ದು ಇದ್ದರೆ ಅಂಕಪಟ್ಟಿಯನ್ನು ಆಮೇಲೆ ನೋಡುತ್ತೇನೆ.