ಪಿಸಾರೊನ ರಾತ್ರಿ ಬೀದಿಯನ್ನು ತೈಲವರ್ಣದಲ್ಲಿ ನಕಲು ಮಾಡುವ ಬಗೆ

ಚಿತ್ರಕಾರ ಕಮೀಲ್ ಪಿಸಾರೊ 1897ರಲ್ಲಿ ಪ್ಯಾರಿಸ್‌ನ ಹೋಟೆಲ್ ಕೋಣೆಯೊಂದರ ಕಿಟಕಿಯಿಂದ ಮಾಂಮಾರ್ತ್ರ್ ಬುಲೆವಾರ್ಡ್ ಎಂಬ ಅಗಲ ಬೀದಿಯನ್ನು ಮತ್ತೆ ಮತ್ತೆ ಬರೆದ. ಆ ಸರಣಿಯಲ್ಲಿ ರಾತ್ರಿಯ ಚಿತ್ರ ಒಂದೇ. ಈಗ ಅದು ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಅದರ ಜೀವ ಇರುವುದು ಮೂರು ಬಗೆಯ ಬೆಳಕಿನಲ್ಲಿ: ರಸ್ತೆ ನಡುವಿನ ವಿದ್ಯುತ್ ದೀಪಗಳ ತಣ್ಣನೆ ಬಿಳಿ, ಅಂಗಡಿಗಳ ಗ್ಯಾಸ್ ದೀಪದ ಕಿತ್ತಳೆ, ಸಾಲುನಿಂತ ಕುದುರೆಗಾಡಿಗಳ ಎಣ್ಣೆದೀಪ. ಇವು ಬೇರೆಬೇರೆಯಾಗಿ ಕಂಡರೆ ನಕಲು ಗೆದ್ದಂತೆ.

ಮೂಲದ ಅಳತೆ 53.3 × 64.8 ಸೆಂ.ಮೀ. ಅದರ ಅರ್ಧ, ಸುಮಾರು 27 × 32 ಸೆಂ.ಮೀ. ಕ್ಯಾನ್ವಾಸ್ ಸಾಕು. ಟೈಟೇನಿಯಂ ಬಿಳಿ, ಅಲ್ಟ್ರಾಮರೀನ್ (ಗಾಢ ನೀಲಿ), ಕೋಬಾಲ್ಟ್ ನೀಲಿ, ಬರ್ನ್ಟ್ ಸಿಯೆನಾ (ಕೆಂಗಂದು), ಅಲಿಜರಿನ್ (ಕಡುಗೆಂಪು), ಕ್ಯಾಡ್ಮಿಯಂ ಹಳದಿ ಮತ್ತು ಕಿತ್ತಳೆ ಇರಲಿ. ಕಪ್ಪು ಟ್ಯೂಬ್ ಮುಟ್ಟಬೇಡಿ; ಅಲ್ಟ್ರಾಮರೀನಿಗೆ ಬರ್ನ್ಟ್ ಸಿಯೆನಾ ಬೆರೆಸಿದ ಕತ್ತಲೆಗೆ ಆಳವಿರುತ್ತದೆ.

ತೆಳು ನೀಲಿಯಲ್ಲಿ ಮೊದಲು ದಿಗಂತರೇಖೆ ಎಳೆಯಿರಿ. ಎರಡೂ ಬದಿಯ ಸೂರಿನ ಗೆರೆ, ಪಾದಚಾರಿ ದಾರಿಯ ಅಂಚು ಅದರ ಮೇಲಿನ ಒಂದೇ ಬಿಂದುವಿಗೆ ಸೇರಬೇಕು. ಇದು ತಪ್ಪಿದರೆ ರಸ್ತೆ ಗುಡ್ಡ ಹತ್ತಿದಂತೆ ಕಾಣುತ್ತದೆ, ಮುಂದೆ ಯಾವ ಬಣ್ಣವೂ ಅದನ್ನು ಸರಿಪಡಿಸದು. ಆಮೇಲೆ ಕಣ್ಣು ಕಿರಿದು ಮಾಡಿ ನೋಡಿ ಆಕಾಶ, ಕಟ್ಟಡ, ರಸ್ತೆಗಳನ್ನು ಟರ್ಪಂಟೈನ್ ಬೆರೆಸಿದ ತೆಳು ಬಣ್ಣದಲ್ಲಿ ತುಂಬಿ, ಎರಡು ಮೂರು ದಿನ ಒಣಗಲು ಬಿಡಿ. ಅವಸರಪಟ್ಟರೆ ಹಸಿ ನೀಲಿಯ ಮೇಲೆ ಬಿದ್ದ ಕಿತ್ತಳೆ ಕೆಸರು ಬೂದಾಗುತ್ತದೆ, ಏಕೆಂದರೆ ಅವೆರಡೂ ಪರಸ್ಪರ ವಿರುದ್ಧ ವರ್ಣಗಳು.

ಜನರನ್ನು ಬಿಡಿಸುವಾಗ ಹೆಚ್ಚಿನವರು ಸೋಲುತ್ತಾರೆ. ದೇಹಕ್ಕೆ ಒಂದು ಎಳೆತ, ತಲೆಗೆ ಒಂದು ಚುಕ್ಕಿ. ಕಾಲು, ಮುಖ ಬೇಡ. ನೋಟ ಮೇಲಿನ ಮಹಡಿಯದಾದ್ದರಿಂದ ಎಲ್ಲರ ತಲೆಯೂ ದಿಗಂತದ ಕೆಳಗೇ ಇರಬೇಕು. ಮೇಲೆ ಹೋದವನು ದೈತ್ಯನಾಗುತ್ತಾನೆ. ಪಿಸಾರೊನ ಸಮಕಾಲೀನ ಚಿತ್ರಕಾರ ಮೋನೆ ಹೀಗೆಯೇ ಬರೆದ ಬೀದಿಯ ಗುಂಪನ್ನು 1874ರಲ್ಲಿ ವಿಮರ್ಶಕ ಲೂಯಿ ಲೆರುವಾ ಗೇಲಿ ಮಾಡಿದ್ದ. ಕಲಿಯಬೇಕಾದ್ದು ಆ ಗೀಟುಗಳನ್ನೇ.

ದೀಪ ಸುಣ್ಣ ಬಳಿದಂತೆ ಕಂಡರೆ ಇನ್ನಷ್ಟು ಬಿಳಿ ಹಚ್ಚಬೇಡಿ, ಸುತ್ತಲಿನ ಕತ್ತಲೆಯನ್ನು ಗಾಢ ಮಾಡಿ. ಒದ್ದೆ ನೆಲದ ಪ್ರತಿಬಿಂಬ ರಸ್ತೆಯ ಓರೆಗೆ ಹೋಗದೆ ದೀಪದ ನೇರ ಕೆಳಗೆ ಇಳಿಯುತ್ತದೆ. ಲಂಬವಾಗಿ ಒಂದೆಳೆ ಎಳೆದು, ಅಲ್ಲಲ್ಲಿ ಅಡ್ಡ ತುಂಡರಿಸಿ. ಪ್ರತಿ ಎಳೆತಕ್ಕೂ ಬ್ರಷ್ ಒರೆಸಿ.

ಮೇಲಿನ ಪದರಕ್ಕೆ ಮಾತ್ರ ಕೆಲವು ಹನಿ ಲಿನ್ಸೀಡ್ (ಅಗಸೆ) ಎಣ್ಣೆ ಸೇರಿಸಿ. ಎಣ್ಣೆ ಹೆಚ್ಚಿದ ಪದರ ಕೆಳಗಿದ್ದರೆ ಮೇಲಿನದು ಮೊದಲು ಒಣಗಿ ಬಿರಿಯುತ್ತದೆ. ದಪ್ಪ ಬಣ್ಣವಿರುವಲ್ಲಿ ವಾರ್ನಿಶ್‌ಗೆ ಕನಿಷ್ಠ ಆರು ತಿಂಗಳು ಕಾಯಿರಿ.